ಅಡುಗೂಳಜ್ಜಿಯ ಮನೆಯಿಂದ ಹೋಟಲಿನವರೆಗೆ: ನಂಜನಗೂಡು ಮತ್ತು ತಿರುಮಕೂಡಲುಗಳಲ್ಲಿ ದಾರಿಹೋಕರ ಊಟ

೧

ಕಪಿಲಾನದಿಯ ದಡದಲ್ಲಿ ಎರಡು ಪ್ರಸಿದ್ಧ ಕ್ಷೇತ್ರಗಳಿವೆ. ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು ೧೫ ಮೈಲಿ ದೂರದಲ್ಲಿ ಶ್ರೀಕಂಠೇಶ್ವರನ ಸನ್ನಿಧಿಯಾದ ನಂಜನಗೂಡು ಒಂದು. ಅಲ್ಲಿಂದ ನದಿಯ ಹರಿವನ್ನನುಸರಿಸಿ ಪೂರ್ವಕ್ಕೆ ಹೋದರೆ ಕಪಿಲೆಯು ಕಾವೇರಿಯನ್ನು ಕೂಡುವ ಎಡೆಯಲ್ಲಿರುವ ತಿರುಮಕೂಡಲು ನರಸೀಪುರ ಇನ್ನೊಂದು. ಮೊದಲನೆಯದರಲ್ಲಿ ಪಂಚಮಹಾರಥೋತ್ಸವ, ಎರಡನೆಯದರಲ್ಲಿ ಅಗಸ್ತ್ಯೇಶ್ವರನ ದರ್ಶನ, ಸಂಗಮಸ್ನಾನ, ಮತ್ತು ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚಿನ ಮಹಿಮೆಯುಳ್ಳವನೆಂದು ಜನರು ನಂಬುವ ಗುಂಜಾನರಸಿಂಹನ ಸೇವೆ. ಈ ಊರುಗಳ ದೇವಾಲಯಗಳನ್ನೂ ಶಾಸನಗಳನ್ನೂ ಕುರಿತು ವಿದ್ವಾಂಸರು ಸಾಕಷ್ಟು ಬರೆದಿರುವರು. ಬಿ. ಎಲ್. ರೈಸರು ೧೮೯೪ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ಣಾಟಿಕದ ಮೂರನೆಯ ಸಂಪುಟದಲ್ಲಿ ಎರಡು ತಾಲ್ಲೂಕುಗಳ ಶಾಸನಗಳೂ ಸೇರಿವೆ. ಆದರೆ ದೇವರನ್ನು ನೋಡಲು ಬಂದವರು, ಸಂತೆಗೂ ಕಚೇರಿಗೂ ಬಂದವರು, ಮುಂದಿನ ಊರಿಗೆ ಹೋಗುತ್ತ ಮಧ್ಯಾಹ್ನ ಇಲ್ಲಿ ನಿಂತವರು, ಇವರೆಲ್ಲ ಎಲ್ಲಿ ಉಂಡರು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ.

ಪ್ರಶ್ನೆ ಅಲ್ಪವೆಂದು ತೋರಬಹುದು. ಆದರೆ ಪರಸ್ಥಳದಲ್ಲಿ ಹಸಿದು ಬಂದವನಿಗೆ ಅನ್ನವನ್ನು ಯಾರು ಕೊಡುತ್ತಾರೆ, ಏನನ್ನು ಕೇಳಿ ಕೊಡುತ್ತಾರೆ ಎಂಬುದನ್ನು ವಿಚಾರಿಸಿದರೆ ಒಂದು ಜನಾಂಗದ ನಡವಳಿಕೆಯು ಅದರ ಶಾಸ್ತ್ರಗ್ರಂಥಗಳಿಗಿಂತ ಸ್ಪಷ್ಟವಾಗಿ ಕಂಡುಬರುವುದುಂಟು.

ಇಂದು ಈ ಎರಡು ಊರುಗಳಲ್ಲಿಯೂ ದೇವಾಲಯದ ಬೀದಿಯಲ್ಲಿ, ಬಸ್ಸಿನ ನಿಲ್ದಾಣದ ಬಳಿಯಲ್ಲಿ, ಪೇಟೆಯ ಓಣಿಗಳಲ್ಲಿ ಸಣ್ಣ ಸಣ್ಣ ಹೋಟಲುಗಳಿವೆ. ಇವುಗಳ ವಿಷಯದಲ್ಲಿ ಹಿರಿಯರು ಹೇಳುವ ಮಾತೊಂದುಂಟು: ‘ಹೋಟಲೆಂಬುದು ಹೆಸರಿನಲ್ಲಿಯೂ ಪದ್ಧತಿಯಲ್ಲಿಯೂ ಪರದೇಶದ್ದು, ಪೂರ್ವದಲ್ಲಿ ಅನ್ನವನ್ನು ದಾನಮಾಡುತ್ತಿದ್ದರೇ ಹೊರತು ಮಾರುತ್ತಿರಲಿಲ್ಲ.’ ಈ ಮಾತಿನಲ್ಲಿ ಸತ್ಯವೆಷ್ಟು ಎಂಬುದನ್ನು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

೨

ಅನ್ನವಿಕ್ರಯವನ್ನು ಶಾಸ್ತ್ರವು ನಿಂದಿಸಿದೆಯೆಂಬುದು ದಿಟ. ಬ್ರಾಹ್ಮಣನು ಆಪತ್ಕಾಲದಲ್ಲಿ ವೈಶ್ಯವೃತ್ತಿಯಿಂದ ಜೀವಿಸಬಹುದಾದರೂ ಮಾರಬಾರದ ವಸ್ತುಗಳು ಕೆಲವಿವೆಯೆಂದು ಮನುಸ್ಮೃತಿಯ ಹತ್ತನೆಯ ಅಧ್ಯಾಯವು ವಿಧಿಸಿ, ಆ ಪಟ್ಟಿಯಲ್ಲಿ ರಸಗಳೊಡನೆಯೂ ಎಳ್ಳಿನೊಡನೆಯೂ ಕೃತಾನ್ನವನ್ನು, ಎಂದರೆ ಬೇಯಿಸಿದ ಅನ್ನವನ್ನು, ಸೇರಿಸಿದೆ. ಯಾಜ್ಞವಲ್ಕ್ಯಸ್ಮೃತಿಯ ಪಟ್ಟಿಯಲ್ಲಿ ಓದನವೂ ಅಪೂಪವೂ ಹೆಸರು ಹಿಡಿದೇ ಬಂದಿವೆ. ಈ ಸ್ಮೃತಿಗೆ ಮಿತಾಕ್ಷರಾವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಚಾಳುಕ್ಯರ ಕಲ್ಯಾಣದಲ್ಲಿದ್ದವನಾದ್ದರಿಂದ ಕನ್ನಡನಾಡಿನ ಪಂಡಿತರಿಗೆ ಈ ನಿಷೇಧವು ಚೆನ್ನಾಗಿ ಪರಿಚಿತವಾಗಿತ್ತೆನ್ನಬಹುದು. ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯನು ಯುಗಾಂತದ ಲಕ್ಷಣಗಳನ್ನು ಹೇಳುವಾಗ ನಾಡುಗಳು ‘ಅಟ್ಟಶೂಲ’ಗಳಾಗುವುವು ಎನ್ನುತ್ತಾನೆ. ‘ಅಟ್ಟ’ವೆಂದರೆ ಅನ್ನ, ‘ಶೂಲ’ವೆಂದರೆ ವಿಕ್ರಯ ಎಂದು ವ್ಯಾಖ್ಯಾತೃಗಳು ಅರ್ಥ ಮಾಡಿರುವರು. ಹಾಗಾದರೆ ಅನ್ನವನ್ನು ಮಾರುವ ನಾಡು ಕಲಿಯ ಕೈಗೆ ಸಿಕ್ಕಿದ ನಾಡೆಂದಾಯಿತು. ಈ ‘ಅಟ್ಟ’ ಶಬ್ದಕ್ಕೂ ಕನ್ನಡದ ‘ಅಡು’ ಧಾತುವಿನಿಂದ ಆದ ‘ಅಟ್ಟ’ ಎಂಬ ಭೂತಕೃದಂತರೂಪಕ್ಕೂ ಇರುವ ಸಾಮ್ಯವನ್ನು ಭಾಷಾಶಾಸ್ತ್ರಜ್ಞರು ಗಮನಿಸತಕ್ಕದ್ದು.

ಆದರೆ ನಿಷೇಧವಾಕ್ಯವನ್ನು ಓದುವ ಕ್ರಮವೊಂದಿದೆ. ಜನರು ಮಾಡದೆಯೇ ಇರುವ ಕೆಲಸವನ್ನು ಯಾರೂ ನಿಷೇಧಿಸುವುದಿಲ್ಲ. ಅಲ್ಲದೆ ಮೇಲಿನ ವಿಧಿಗಳು ಬ್ರಾಹ್ಮಣನೊಬ್ಬನನ್ನೇ ಕುರಿತವು. ಉಳಿದವರು ಅನ್ನವನ್ನು ಮಾರಬಾರದೆಂದು ಅವು ಹೇಳಲಿಲ್ಲ. ಇಷ್ಟೇ ಅಲ್ಲ, ಅದೇ ಮನುಸ್ಮೃತಿಯು ಕೆಲವು ಶ್ಲೋಕಗಳ ಮುಂದೆ ಅಕೃತಾನ್ನವನ್ನು ತೆಗೆದುಕೊಂಡು ಕೃತಾನ್ನವನ್ನು ಕೊಡುವ ವಿನಿಮಯವನ್ನು ಒಪ್ಪಿದೆ. ಹಸಿ ಅಕ್ಕಿಯನ್ನು ಕೊಟ್ಟು ಬೆಂದ ಅನ್ನವನ್ನು ಪಡೆಯುವುದರಲ್ಲಿ ದೋಷವಿಲ್ಲವೆಂದಾಯಿತು. ದಾರಿಹೋಕನ ಊಟದ ಚರಿತ್ರೆಯಲ್ಲಿ ಈ ಸಣ್ಣ ಬಾಗಿಲು ಬಹಳ ಮುಖ್ಯವಾದದ್ದು.

ಅರ್ಥಶಾಸ್ತ್ರದ ಸಾಕ್ಷ್ಯವು ಇದಕ್ಕಿಂತ ನೇರವಾಗಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚು ಹಾಕಿಸಿದ ಆ ಗ್ರಂಥದ ನಾಗರಿಕಪ್ರಕರಣದಲ್ಲಿ ಮದ್ಯವನ್ನು ಮಾರುವವರು, ಬೇಯಿಸಿದ ಮಾಂಸವನ್ನು ಮಾರುವ ಪಾಕ್ವಮಾಂಸಿಕರು, ಬೇಯಿಸಿದ ಅನ್ನವನ್ನು ಮಾರುವ ಔದನಿಕರು ಮೊದಲಾದವರು ತಮಗೆ ಚೆನ್ನಾಗಿ ಗೊತ್ತಿದ್ದವರನ್ನು ಮಾತ್ರ ತಮ್ಮಲ್ಲಿ ಇಳಿಸಿಕೊಳ್ಳತಕ್ಕದ್ದೆಂಬ ವಿಧಿಯಿದೆ. ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಅನ್ನವನ್ನು ಮಾರಿ ಜೀವಿಸುವ ಜನರು ಆ ಗ್ರಂಥದ ಕಾಲಕ್ಕೇ ಒಂದು ವರ್ಗವೆನಿಸುವಷ್ಟು ಇದ್ದರು. ಪರಸ್ಥಳದವನಿಗೆ ಅವರು ಊಟದೊಡನೆ ತಂಗಲು ಎಡೆಯನ್ನೂ ಕೊಡುತ್ತಿದ್ದರು. ಯುಗಾಂತದ ಲಕ್ಷಣವೆಂದು ಪುರಾಣಕಾರರು ಮುಂದೆ ತೋರಿಸಿದ್ದು ಪೇಟೆಯ ಬೀದಿಯಲ್ಲಿ ಮೊದಲಿಂದಲೂ ಇದ್ದ ವ್ಯವಹಾರವನ್ನೇ.

೩

ಸಂಸ್ಕೃತದ ಔದನಿಕನಿಗೆ ಸಮಾನವಾದ ವ್ಯಕ್ತಿ ಕನ್ನಡದಲ್ಲಿ ಉಂಟೆ? ಕಾವ್ಯಗಳಲ್ಲಿ ಹುಡುಕುವವರಿಗೆ ನಿರಾಶೆಯಾಗುತ್ತದೆ. ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ಯ ಹೆಸರು ಬಂದಿದೆ; ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ಪಾಕವಿಷಯವಿದೆ; ಹುಣಸೂರಿನ ಬಳಿಯ ಕಲ್ಲಹಳ್ಳಿಯ ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಮೊದಲಲ್ಲಿ ಸೂಪಶಾಸ್ತ್ರವನ್ನೇ ಬರೆದನು. ಆದರೆ ಇವೆಲ್ಲ ಮನೆಯ ಮತ್ತು ಅರಮನೆಯ ಅಡಿಗೆಗಳು. ಬೀದಿಯ ಊಟವನ್ನು ಈ ಕವಿಗಳು ತಮ್ಮ ವಿಷಯವನ್ನಾಗಿ ಮಾಡಿಕೊಳ್ಳಲಿಲ್ಲ.

ಕವಿಗಳು ಮರೆತದ್ದನ್ನು ಕಥೆ ಹೇಳುವ ಅಜ್ಜಿಯರು ಮರೆಯಲಿಲ್ಲ. ದೇಶಾಂತರ ಹೊರಟ ರಾಜಕುಮಾರನು ಹೊಸ ಪಟ್ಟಣವನ್ನು ಸೇರಿದೊಡನೆ ಇಳಿದುಕೊಳ್ಳುವುದು ಅಡುಗೂಳಜ್ಜಿಯ ಮನೆಯಲ್ಲಿ. ಅವಳು ಅವನಿಗೆ ಅಡಿಗೆ ಮಾಡಿ ಬಡಿಸುತ್ತಾಳೆ. ಊರಿನ ಸುದ್ದಿಯನ್ನೂ ಅರಮನೆಯ ಗುಟ್ಟನ್ನೂ ತಿಳಿಸುತ್ತಾಳೆ. ಅವನು ಅವಳಿಗೆ ಹೊನ್ನನ್ನು ಕೊಡುತ್ತಾನೆ. ಈ ಹೆಸರು ಈಗ ‘ಅಡಗೂಲಜ್ಜಿ’ ಎಂದು ಸವೆದು, ‘ಅಡಗೂಲಜ್ಜಿ ಕಥೆ’ ಎಂಬ ಮಾತು ನಂಬಲಾಗದ ಕಥೆಗೆ ಪರ್ಯಾಯವಾಗಿದೆ. ಶಬ್ದದ ಸ್ವರೂಪವು ‘ಅಡು’, ‘ಕೂಳ್’, ‘ಅಜ್ಜಿ’ ಎಂಬ ಮೂರು ಪದಗಳ ಸಮಾಸವೆಂಬುದು ಸ್ಪಷ್ಟ; ಕೂಳನ್ನು ಅಟ್ಟು ಬಡಿಸುವ ಮುದುಕಿ ಎಂದು ಅರ್ಥ. ಹಳಗನ್ನಡದಲ್ಲಿ ‘ಕೂಳ್’ ಎಂಬುದು ಬೆಂದ ಅನ್ನಕ್ಕೆ ಗೌರವದ ಹೆಸರೇ ಆಗಿತ್ತು. ಮುಂದೆ ‘ತಿರಿಕೂಳು’, ‘ದಂಡಪಿಂಡದ ಕೂಳು’ ಎಂಬಂತಹ ಪ್ರಯೋಗಗಳಲ್ಲಿ ಅದು ಹೀನಾರ್ಥವನ್ನು ಹೊಂದಿತು. ನೆರೆಯ ತೆಲುಗಿನಲ್ಲಿ ಈ ವೃತ್ತಿಯವಳಿಗೆ ‘ಪೂಟಕೂಳ್ಳಮ್ಮ’ ಎಂದು ಹೆಸರು. ಹೊತ್ತಿನ ಲೆಕ್ಕದಲ್ಲಿ ಕೂಳನ್ನು ಮಾರುವವಳು ಎಂದು ಅರ್ಥ. ೧೮೯೭ರಲ್ಲಿ ಅಚ್ಚಾದ ಗುರಜಾಡ ಅಪ್ಪಾರಾಯರ ಕನ್ಯಾಶುಲ್ಕ ನಾಟಕದಲ್ಲಿ ಅವಳು ಒಂದು ಪಾತ್ರವೇ ಆಗಿರುವುದರಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಈ ಜೀವನಕ್ರಮವು ಜೀವಂತವಾಗಿತ್ತೆಂಬುದರಲ್ಲಿ ಸಂಶಯವಿಲ್ಲ.

ಕಥೆಗಳಲ್ಲಿ ಅಡುಗೂಳಜ್ಜಿಗೆ ಗಂಡನಿಲ್ಲ, ಮಕ್ಕಳಿಲ್ಲ, ಹೆಸರೂ ಇಲ್ಲ. ಒಲೆಯೊಂದೇ ಅವಳ ಆಸ್ತಿ. ದಿಕ್ಕಿಲ್ಲದ ಹೆಂಗಸಿಗೆ, ವಿಶೇಷವಾಗಿ ವಿಧವೆಗೆ, ಪರರ ಹಸಿವೇ ಜೀವನೋಪಾಯವಾಗಿತ್ತೆಂಬ ಸಾಮಾಜಿಕ ಸತ್ಯವನ್ನು ಈ ಕಥೆಗಳು ಅರಿವಿಲ್ಲದೆಯೇ ಕಾಪಾಡಿವೆ. ನಂಜನಗೂಡಿನ ತಿರುಮಲಾಂಬ (೧೮೮೭–೧೯೮೨) ಬಾಲವಿಧವೆಯಾಗಿದ್ದು ಲೇಖನವನ್ನೂ ಪ್ರಕಟನೆಯನ್ನೂ ತನ್ನ ಕಾರ್ಯವನ್ನಾಗಿ ಮಾಡಿಕೊಂಡದ್ದು ಎಷ್ಟು ದೊಡ್ಡ ಸಾಹಸವೆಂಬುದು ಅಡುಗೂಳಜ್ಜಿಯನ್ನು ನೆನೆದಾಗ ಇನ್ನೂ ಚೆನ್ನಾಗಿ ತಿಳಿಯುತ್ತದೆ.

೪

ಇನ್ನು ದಾನದ ಅನ್ನವನ್ನು ವಿಚಾರಿಸೋಣ. ಸತ್ರಕ್ಕೆಂದು ಭೂಮಿಯನ್ನು ಬಿಟ್ಟ ಶಾಸನಗಳು ಕನ್ನಡನಾಡಿನ ಎಲ್ಲೆಡೆಯಲ್ಲಿಯೂ ದೊರೆಯುತ್ತವೆ. ಜೈನರ ಚತುರ್ವಿಧದಾನಗಳಲ್ಲಿ ಆಹಾರವೂ ಒಂದು. ಶೈವಮಠಗಳಲ್ಲಿ ತಪೋಧನರ ಆಹಾರದಾನಕ್ಕೆ ದತ್ತಿಗಳಿದ್ದುವು. ವಿಜಯನಗರದ ಕಾಲದಲ್ಲಿ ಶ್ರೀವೈಷ್ಣವರ ರಾಮಾನುಜಕೂಟಗಳು ಬೆಳೆದುವು. ವೀರಶೈವರಲ್ಲಿ ದಾಸೋಹವು ಧರ್ಮದ ಅಂಗವೇ ಆಯಿತು. ನಂಜನಗೂಡು ತಾಲ್ಲೂಕಿನಲ್ಲಿಯೇ ಕಪಿಲೆಯ ದಡದ ಸುತ್ತೂರಿನಲ್ಲಿ ದಾಸೋಹದ ಪರಂಪರೆಯು ಇಂದಿಗೂ ನಡೆದುಬಂದಿದೆ. ಮೈಸೂರರಸರ ಕಾಲದಲ್ಲಿ ಪುಣ್ಯಕ್ಷೇತ್ರಗಳಲ್ಲಿಯೂ ರಾಜಮಾರ್ಗಗಳಲ್ಲಿಯೂ ಛತ್ರಗಳು ಎದ್ದುವು. ಅವುಗಳ ಆಡಳಿತವು ಮುಂದೆ ಮುಜರಾಯಿ ಇಲಾಖೆಗೆ ಸೇರಿತು.

ಛತ್ರವು ಹಣವನ್ನು ಕೇಳುತ್ತಿರಲಿಲ್ಲ. ಆದರೆ ಕುಲವನ್ನು ಕೇಳುತ್ತಿತ್ತು. ಬ್ರಾಹ್ಮಣಭೋಜನಕ್ಕೆಂದು ಬಿಟ್ಟ ದತ್ತಿಯ ಅನ್ನವು ಬ್ರಾಹ್ಮಣರಿಗೇ ಮೀಸಲು. ಪರರ ಕೈಯಡಿಗೆಯನ್ನು ಉಣ್ಣದ ಸ್ವಯಂಪಾಕಿಗಳಿಗೆ ಅಕ್ಕಿಬೇಳೆಗಳ ಪಡಿಯನ್ನು ಕೊಡುತ್ತಿದ್ದರು. ಉಳಿದ ಯಾತ್ರಿಕರು ಬುತ್ತಿಯನ್ನು ಕಟ್ಟಿಕೊಂಡು ಬರಬೇಕು, ಇಲ್ಲವೆ ಹೊಳೆಯ ದಡದಲ್ಲಿ ಮೂರು ಕಲ್ಲನ್ನಿಟ್ಟು ತಾವೇ ಬೇಯಿಸಿಕೊಳ್ಳಬೇಕು. ನಂಜನಗೂಡಿನ ದೊಡ್ಡಜಾತ್ರೆಯಂತಹ ಸಮಯದಲ್ಲಿ ಸುತ್ತಲಿನ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬರುವ ಪರಸೆಯ ಜನಕ್ಕೆ ಛತ್ರಗಳ ಎಲೆ ಸಾಲುವುದೆಂತು? ಧರ್ಮಬುದ್ಧಿಗೆ ಕೊರತೆಯಿಲ್ಲದ ಕಾಲದಲ್ಲಿಯೂ ಹಸಿದವರಲ್ಲಿ ಬಹುಜನರು ಧರ್ಮದ ಪಂಕ್ತಿಯ ಹೊರಗೇ ಇದ್ದರೆಂಬುದನ್ನು ಮರೆಯಬಾರದು. ‘ಪೂರ್ವದಲ್ಲಿ ಅನ್ನವನ್ನು ದಾನಮಾಡುತ್ತಿದ್ದರು’ ಎಂಬ ಮಾತಿಗೆ ‘ಯಾರಿಗೆ?’ ಎಂಬ ಪ್ರಶ್ನೆಯನ್ನು ಸೇರಿಸಿದ ಹೊರತು ಆ ಮಾತು ಪೂರ್ಣವಾಗುವುದಿಲ್ಲ.

೫

ಈ ವ್ಯವಸ್ಥೆಯನ್ನು ಕದಲಿಸಿದ್ದು ರೈಲು. ಕಪಿಲೆಗೆ ನಂಜನಗೂಡಿನ ಬಳಿ ೧೭೩೫ರಲ್ಲಿಯೇ ದಳವಾಯಿ ದೇವರಾಜಯ್ಯನ ಕಾಲದ ಕಲ್ಲುಸೇತುವೆಯಿದ್ದು ಗಾಡಿಗಳ ಸಂಚಾರವು ನಡೆಯುತ್ತಿತ್ತು. ಮುಂದೆ ಅದೇ ಸೇತುವೆಯ ಮೇಲೆ ರೈಲಿನ ಹಳಿಯೂ ಹಾದುಹೋಯಿತು. ಮೈಸೂರು–ನಂಜನಗೂಡು ರೈಲುಮಾರ್ಗವು ತೆರೆದದ್ದು ೧೮೯೧ರಲ್ಲಿ. ಅದು ಚಾಮರಾಜನಗರದವರೆಗೆ ಬೆಳೆದದ್ದು ೧೯೨೬ರಲ್ಲಿ. ಗಾಡಿಯಲ್ಲಿ ಬರುವವನು ಅಕ್ಕಿ, ಪಾತ್ರೆ, ಸೌದೆಗಳೊಡನೆ ಬರುತ್ತಿದ್ದನು. ರೈಲಿನಲ್ಲಿ ಬರುವವನು ಬೆಳಗ್ಗೆ ಬಂದು ದರ್ಶನವನ್ನೋ ಕಚೇರಿಯ ಕೆಲಸವನ್ನೋ ತೀರಿಸಿ ಸಂಜೆಗೆ ಹಿಂದಿರುಗುವವನು. ಅವನಿಗೆ ಒಲೆ ಹೂಡಲು ಹೊತ್ತಿಲ್ಲ, ಛತ್ರದಲ್ಲಿ ಪಂಕ್ತಿಗೆ ಕಾಯಲು ತಾಳ್ಮೆಯಿಲ್ಲ. ಕೈಯಲ್ಲಿ ಕಾಸು ಮಾತ್ರ ಉಂಟು. ಔದನಿಕನಿಗೆ ಇಂತಹವನೇ ಬೇಕಾದ ಗಿರಾಕಿ.

ತಿರುಮಕೂಡಲು ನರಸೀಪುರಕ್ಕೆ ಇಂದಿಗೂ ರೈಲಿಲ್ಲ. ಅಲ್ಲಿ ಇದೇ ಕಾರ್ಯವನ್ನು ಮೋಟಾರು ಬಸ್ಸು ಮಾಡಿತು. ಮೈಸೂರಿನಿಂದ ಕೊಳ್ಳೇಗಾಲಕ್ಕೂ ಮಲೆಯ ಮಹದೇಶ್ವರನ ಬೆಟ್ಟಕ್ಕೂ ಹೋಗುವ ಮಾರ್ಗವು ಈ ಊರಿನ ಮೇಲೆ ಹಾದುಹೋಗುತ್ತದೆ. ತಲಕಾಡು, ಮುಡುಕುತೊರೆ, ಸೋಮನಾಥಪುರಗಳಿಗೆ ಹೋಗುವವರೂ ಇಲ್ಲಿ ನಿಲ್ಲುವುದುಂಟು. ಹೀಗೆ ಒಂದು ಊರಿನಲ್ಲಿ ಹೋಟಲು ದೇವಾಲಯ ಮತ್ತು ರೈಲುಗಳ ಆಶ್ರಯದಲ್ಲಿ ಬೆಳೆದರೆ, ಇನ್ನೊಂದರಲ್ಲಿ ಬಸ್ಸು ನಿಲ್ಲುವ ಕವಲುದಾರಿಯ ಆಶ್ರಯದಲ್ಲಿ ಬೆಳೆಯಿತು.

ಹಳೆಯ ಮೈಸೂರಿನ ಊರುಗಳಲ್ಲಿ ಈ ಹೊಸ ಭೋಜನಶಾಲೆಗಳನ್ನು ತೆರೆದವರಲ್ಲಿ ಘಟ್ಟದ ಕೆಳಗಿನ ಉಡುಪಿಯ ಕಡೆಯ ಬ್ರಾಹ್ಮಣರು ಅಗ್ರಗಣ್ಯರು. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಂಸ್ ೧೯೨೪ರಲ್ಲಿ ಪ್ರಾರಂಭವಾದಾಗ ಅದರ ಹೆಸರು ‘ಬ್ರಾಹ್ಮಿನ್ ಕಾಫಿ ಕ್ಲಬ್’ ಎಂದಿತ್ತು. ಈ ಹೆಸರಿನಲ್ಲಿಯೇ ಒಂದು ವಿಚಿತ್ರವಾದ ವಿರೋಧವು ಅಡಗಿದೆ. ಯಾವ ವರ್ಣದವನು ಕೃತಾನ್ನವನ್ನು ಮಾರಲೇಬಾರದೆಂದು ಸ್ಮೃತಿಯು ವಿಧಿಸಿತೋ ಅವನೇ ಅದರ ಮಾರಾಟಗಾರರಲ್ಲಿ ಮುಂದಾದನು. ಕಾರಣವು ಅದೇ ಸ್ಮೃತಿಯ ಆಚಾರದಲ್ಲಿದೆ. ಯಾರ ಕೈಯ ಅನ್ನವನ್ನು ಯಾರು ಉಣ್ಣಬಹುದೆಂಬ ನಿಯಮಗಳಿದ್ದ ಸಮಾಜದಲ್ಲಿ ಬ್ರಾಹ್ಮಣನ ಕೈಯ ಅಡಿಗೆಯು ಎಲ್ಲರಿಗೂ ಸಲ್ಲುತ್ತಿತ್ತು. ಆದುದರಿಂದ ಎಲ್ಲರೂ ಗಿರಾಕಿಗಳಾಗಬಹುದಾದ ಅಂಗಡಿಯನ್ನು ಅವನೇ ಇಡಬಲ್ಲವನಾದನು. ಶಾಸ್ತ್ರದ ಒಂದು ವಿಧಿಯನ್ನು ಇನ್ನೊಂದು ವಿಧಿಯೇ ಮುರಿಯಿತು. ಒಲೆಯ ಮುಂದಿದ್ದ ಅಡುಗೂಳಜ್ಜಿಯ ಸ್ಥಾನಕ್ಕೆ ಗಲ್ಲದ ಮುಂದೆ ಕುಳಿತ ಯಜಮಾನನು ಬಂದನು. ಹೆಂಗಸಿನ ಜೀವನೋಪಾಯವಾಗಿದ್ದದ್ದು ಗಂಡಸಿನ ಉದ್ಯಮವಾಯಿತು.

೬

ಹೋಟಲಿನ ಬಾಗಿಲು ಎಲ್ಲರಿಗೂ ಒಮ್ಮೆಗೇ ತೆರೆಯಲಿಲ್ಲ. ಬ್ರಾಹ್ಮಣರಿಗೆ ಒಳಗಿನ ಕೋಣೆ, ಇತರರಿಗೆ ಹೊರಗಿನ ಜಗಲಿ ಎಂಬ ಏರ್ಪಾಡು ಮೈಸೂರು ಸೀಮೆಯ ಹೋಟಲುಗಳಲ್ಲಿ ಸಾಮಾನ್ಯವಾಗಿತ್ತು. ಅಸ್ಪೃಶ್ಯರೆನಿಸಿದವರಿಗೆ ಜಗಲಿಯೂ ಇರಲಿಲ್ಲ. ಬೀದಿಯಲ್ಲಿ ನಿಂತು ಬೇರೆಯ ಪಾತ್ರೆಯಲ್ಲಿ ಕುಡಿಯಬೇಕಾಗಿತ್ತು. ನಂಜನಗೂಡು ತಾಲ್ಲೂಕಿನ ತಗಡೂರಿನಿಂದ ಖಾದಿ ಮತ್ತು ಹರಿಜನೋದ್ಧಾರಗಳ ಕೆಲಸವನ್ನು ನಡೆಯಿಸಿದ ತಗಡೂರು ರಾಮಚಂದ್ರರಾಯರಂತಹವರು ಎದುರಿಸಿದ ಕಟ್ಟಳೆಗಳು ಇಂತಹವೇ. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಭಾರತ ಸಂವಿಧಾನದ ೧೫ನೆಯ ಅನುಚ್ಛೇದವು ಅಂಗಡಿ, ಭೋಜನಶಾಲೆ, ಹೋಟಲುಗಳ ಪ್ರವೇಶದಲ್ಲಿ ಜಾತಿಯ ಕಾರಣದಿಂದ ಯಾರನ್ನೂ ತಡೆಯಲಾಗದೆಂದು ವಿಧಿಸಿತು. ೧೭ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನೇ ರದ್ದುಮಾಡಿತು. ೧೯೫೫ರ ಕಾಯಿದೆಯು ಅದರ ಆಚರಣೆಯನ್ನು ಅಪರಾಧವನ್ನಾಗಿ ಮಾಡಿತು. ಸಮಾನತೆಯನ್ನು ಕುರಿತ ಈ ಮಹಾವಾಕ್ಯಗಳ ನಡುವೆ ಸಂವಿಧಾನಕಾರರು ಹೋಟಲನ್ನು ಹೆಸರಿಟ್ಟು ಹೇಳಿದ್ದು ಆಕಸ್ಮಿಕವಲ್ಲ. ಅವಮಾನವು ನಡೆಯುತ್ತಿದ್ದ ಸ್ಥಳಗಳನ್ನು ಬಲ್ಲವರು ಬರೆದ ವಾಕ್ಯ ಅದು.

ಕಾಯಿದೆಯಾದ ಮೇಲೂ ಹಳ್ಳಿಗಳ ಚಹದಂಗಡಿಗಳಲ್ಲಿ ಎರಡು ಬಗೆಯ ಲೋಟಗಳು ಬಹುಕಾಲ ಉಳಿದುವು. ಆದರೂ ಒಂದು ಭೇದವನ್ನು ಗಮನಿಸಬೇಕು. ಛತ್ರದಲ್ಲಿ ಕುಲಪ್ರಶ್ನೆಯು ದಾನಪತ್ರದಲ್ಲಿಯೇ ಬರೆದಿತ್ತು. ಹೋಟಲಿನಲ್ಲಿ ಅದು ಹೊರಗಿನಿಂದ ಬಂದು ಸೇರಿಕೊಂಡ ರೂಢಿ. ಕಾಸು ಕೊಟ್ಟು ಉಣ್ಣುವ ಕ್ರಮದಲ್ಲಿ ಅದಕ್ಕೆ ಆಧಾರವಿಲ್ಲ. ಆದ್ದರಿಂದಲೇ ಕಾಯಿದೆಯು ಬಂದು ಕದಲಿಸಿದಾಗ ಅದು ಸಡಿಲವಾಗತೊಡಗಿತು. ಕಲಿಯ ಲಕ್ಷಣವೆಂದು ಪುರಾಣವು ಎಣಿಸಿದ ಅನ್ನವಿಕ್ರಯವು, ಪುಣ್ಯವೆಂದು ಎಣಿಸಿದ ಅನ್ನಸತ್ರವು ಮಾಡದಿದ್ದ ಒಂದು ಕೆಲಸವನ್ನು ಮಾಡಿತು. ಅಪರಿಚಿತನ ಪಕ್ಕದಲ್ಲಿ ಅಪರಿಚಿತನನ್ನು ಒಂದೇ ಹಲಗೆಯ ಮೇಲೆ ಕೂರಿಸಿತು.

೭

ಈಗಿನ ಸ್ಥಿತಿಯನ್ನು ಸಂಕ್ಷೇಪವಾಗಿ ಹೇಳತಕ್ಕದ್ದು. ಎರಡು ಊರುಗಳಲ್ಲಿಯೂ ಉಳಿದಿರುವ ಸಣ್ಣ ಹೋಟಲು ಬಹುಮಟ್ಟಿಗೆ ಒಂದು ಸಂಸಾರದ ದುಡಿಮೆ. ಮನೆಯ ಮುಂಗಟ್ಟೇ ಭೋಜನಶಾಲೆ, ಹಿಂಬದಿಯಲ್ಲಿ ಒಲೆ. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗಿಗೆ ಹುದುಗಿ ಇಡ್ಲಿಯಾಗುತ್ತದೆ. ಆ ಹಿಟ್ಟು ಮುಗಿದರೆ ಆ ಹೊತ್ತಿನ ವ್ಯಾಪಾರವೂ ಮುಗಿಯಿತು. ಅಡಿಗೆಯ ಬಗೆಗಳು ಹೆಚ್ಚಿಲ್ಲ. ಕೆಲವೇ ಬಗೆಗಳನ್ನು ಪ್ರತಿದಿನವೂ ಮಾಡುವುದರಿಂದ ಕೈ ಪಳಗುತ್ತದೆ, ಪದಾರ್ಥವು ಹಳಸುವುದಿಲ್ಲ, ಆಳಿನ ಸಂಬಳವೂ ಉಳಿಯುತ್ತದೆ. ದೊಡ್ಡ ಹೋಟಲುಗಳ ನಡುವೆ ಇವು ಬದುಕಿರುವ ಗುಟ್ಟು ಇದೇ.

ಇಲ್ಲಿಯ ಎಲೆಯನ್ನು ನೋಡಿದರೆ ಸೀಮೆಯ ಭೂಗೋಳವೂ ತಿಳಿಯುತ್ತದೆ. ಕಪಿಲೆಗೆ ಹುಲ್ಲಹಳ್ಳಿಯಲ್ಲಿ, ಕಾವೇರಿಗೆ ತಲಕಾಡಿನ ಬಳಿ ಮಾಧವಮಂತ್ರಿಯ ಹೆಸರಿನಲ್ಲಿ ಹಳೆಯ ಅಣೆಕಟ್ಟುಗಳಿವೆ. ಅವುಗಳ ಕಾಲುವೆಯ ಬಯಲು ಬತ್ತದ ನೆಲ. ನೀರು ಹತ್ತದ ಎತ್ತರದ ಹೊಲಗಳು ರಾಗಿಯವು, ಹುರುಳಿಯವು, ಅವರೆಯವು. ಹೀಗಾಗಿ ಒಂದೇ ಹೋಟಲಿನಲ್ಲಿ ಅನ್ನವೂ ಮುದ್ದೆಯೂ, ತಿಳಿಸಾರೂ ಬಸ್ಸಾರೂ ಎದುರುಬದುರಾಗಿ ಕುಳಿತಿರುವುದನ್ನು ಕಾಣಬಹುದು. ಮಾಂಸಾಹಾರವನ್ನು ಬಡಿಸುವ, ಹಳೆಯ ಮೈಸೂರಿನಲ್ಲಿ ‘ಮಿಲಿಟರಿ ಹೋಟಲು’ ಎನಿಸಿಕೊಂಡ ಮನೆಗಳು ಪಾಕ್ವಮಾಂಸಿಕರ ವಂಶವನ್ನು ಮುಂದುವರಿಸಿವೆ. ಉಡುಪಿಯ ತಿಂಡಿಯು ಪೇಟೆಯನ್ನು ಗೆದ್ದ ಮೇಲೂ ಹಳ್ಳಿಯ ಊಟವು ಸೋಲದೆ ಪೇಟೆಗೇ ಬಂದು ನಿಂತದ್ದು ಹೀಗೆ.

ಇಂತಹ ಮನೆಗಳು ಹೊಸಬನ ಕಣ್ಣಿಗೆ ಬೀಳುವುದು ಹೆಚ್ಚಾಗಿ ಆಕಸ್ಮಿಕವಾಗಿ. ಬಸ್ಸಿನ ನಿರ್ವಾಹಕನೋ ಹೂ ಮಾರುವವಳೋ ಕೋರ್ಟಿನ ಗುಮಾಸ್ತನೋ ‘ಅಲ್ಲಿ ಹೋಗಿ’ ಎಂದು ಕೈ ತೋರಿಸುತ್ತಾರೆ; ಅಥವಾ ಒಗ್ಗರಣೆಯ ವಾಸನೆಯೇ ದಾರಿ ತೋರುತ್ತದೆ. ಹಾಗೆ ಹೋಗಿ ಕುಳಿತವನನ್ನು ಯಜಮಾನನು ‘ಯಾವ ಊರು?’ ಎಂದು ಕೇಳುತ್ತಾನೆ. ತೇರಿನ ದಿನ, ಹೊಳೆಯ ನೀರಿನ ಮಟ್ಟ, ಮುಂದಿನ ಬಸ್ಸಿನ ವೇಳೆಗಳನ್ನು ತಿಳಿಸುತ್ತಾನೆ. ಅಡುಗೂಳಜ್ಜಿಯು ರಾಜಕುಮಾರನಿಗೆ ಮಾಡಿದ ಉಪಕಾರವೂ ಇದೇ ಅಲ್ಲವೆ? ೧೯೮೯ರಲ್ಲಿ ಪ್ರಾರಂಭವಾಗಿ ೨೦೧೯ರಲ್ಲಿಯೂ ೨೦೨೫ರಲ್ಲಿಯೂ ನಡೆದ ತಿರುಮಕೂಡಲಿನ ಕುಂಭಮೇಳದಂತಹ ಸಂದರ್ಭಗಳಲ್ಲಿ ದಾಸೋಹದ ಪಂಕ್ತಿಯೂ ಹೋಟಲಿನ ಹಲಗೆಯೂ ಒಟ್ಟಿಗೆ ದುಡಿಯುತ್ತವೆ. ದಾನದ ಅನ್ನಕ್ಕೂ ಮಾರುವ ಅನ್ನಕ್ಕೂ ವೈರವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆಯ ನಿದರ್ಶನವು ಬೇಡ.

ಆದುದರಿಂದ ಹೋಟಲೆಂಬ ಹೆಸರು ಮಾತ್ರ ಪರದೇಶದ್ದು. ವೃತ್ತಿಯು ಈ ನೆಲದಲ್ಲಿ ಅರ್ಥಶಾಸ್ತ್ರದಷ್ಟು ಹಳೆಯದು, ಅಜ್ಜಿಯ ಕಥೆಯಷ್ಟು ಪರಿಚಿತವಾದದ್ದು. ಇದರ ಚರಿತ್ರೆಯ ಸಾಮಗ್ರಿ ಮಾತ್ರ ದಿನದಿನಕ್ಕೂ ನಶಿಸುತ್ತಿದೆ. ಶಾಸನವು ಕಲ್ಲಿನಲ್ಲಿದೆ, ಅದನ್ನು ಓದುವವರು ನಾಳೆಯೂ ಓದಬಹುದು. ಹಳೆಯ ಹೋಟಲಿನ ಲೆಕ್ಕದ ಪುಸ್ತಕ, ಗೋಡೆಯ ದರಪಟ್ಟಿ, ಒಳಕೋಣೆ ಮತ್ತು ಜಗಲಿಗಳ ನಡುವೆ ಇದ್ದ ಗೋಡೆಯನ್ನು ಯಾವ ವರ್ಷ ಕೆಡವಿದರೆಂಬ ನೆನಪು, ಇವು ಒಂದು ತಲೆಮಾರಿನೊಡನೆ ಮುಗಿದುಹೋಗುತ್ತವೆ. ಈ ಎರಡು ತಾಲ್ಲೂಕುಗಳ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳ ಮೂಲಕ ಛತ್ರಗಳ ದಾನಪತ್ರಗಳನ್ನೂ ಅಡುಗೂಳಜ್ಜಿಯ ಕಥೆಗಳ ಪಾಠಾಂತರಗಳನ್ನೂ ಹೋಟಲು ನಡೆಯಿಸಿದ ವೃದ್ಧರ ಹೇಳಿಕೆಗಳನ್ನೂ ಬರೆಯಿಸಿಟ್ಟರೆ ಮುಂದಿನ ಸಂಶೋಧಕರಿಗೆ ಮಹೋಪಕಾರವಾಗುವುದು. ವಿಶೇಷವಾಗಿ, ಗೋಡೆಯ ಹೊರಗೆ ನಿಂತು ಕುಡಿದವರ ಹೇಳಿಕೆಗಳನ್ನು ಮೊದಲು ಬರೆಯಿಸತಕ್ಕದ್ದು. ಅವರಲ್ಲಿ ಉಳಿದಿರುವವರು ಕೆಲವರೇ.